ಓದುಗರ ಪ್ರಶ್ನೆ: ಅಮೆರಿಕದ ಹೈಸ್ಕೂಲ್ ಫುಟ್‌ಬಾಲ್, ಯಾವ ಊರು, ಯಾರ ಕಣ್ಣು?

ಪ್ರಶ್ನೆ: ಮೊಮ್ಮಗ ಡಲ್ಲಾಸ್ ಹತ್ತಿರದ ಹೈಸ್ಕೂಲಿನಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುತ್ತಾನೆ. ಕಾಲೇಜಿನವರು ಟೆಕ್ಸಸ್, ಫ್ಲಾರಿಡಾ ಹುಡುಗರನ್ನೇ ಹುಡುಕಿಕೊಂಡು ಬರುತ್ತಾರಂತೆ. ಅದು ಅಲ್ಲಿನ ನೀರಿನ ಗುಣವೇ? (ಓದುಗರೊಬ್ಬರು, ಮೈಸೂರು)

ನೀರಿಗಿಂತ ಏರ್ಪಾಡು ದೊಡ್ಡದು. ನಮ್ಮಲ್ಲಿ ಹಾಕಿ ಎಂದರೆ ಕೊಡಗು ಎನ್ನುವ ಹಾಗೆ, ಅಲ್ಲಿ ಟೆಕ್ಸಸ್, ಫ್ಲಾರಿಡಾ, ಕ್ಯಾಲಿಫೋರ್ನಿಯಾ, ಜಾರ್ಜಿಯಾ ಈ ನಾಲ್ಕರ ಹೆಸರು ಮೊದಲು ಬರುತ್ತದೆ. ತಲೆಲೆಕ್ಕದಲ್ಲಿ ನೋಡಿದರೆ ಲೂಯಿಸಿಯಾನ, ಮಿಸಿಸಿಪ್ಪಿ, ಅಲಬಾಮಾ ಕೂಡ ಮುಂದಿನ ಸಾಲಿಗೆ ಬಂದು ನಿಲ್ಲುತ್ತವೆ.

ಟೆಕ್ಸಸ್‌ನಲ್ಲಿ ಕೋಚ್ ಶಾಲಾ ಜಿಲ್ಲೆಯ ಸಂಬಳದ ನೌಕರ. ಒಳ್ಳೆಯ ಜಿಲ್ಲೆಗಳಲ್ಲಿ 7ನೇ ತರಗತಿಯ ತಂಡವೂ ಹೈಸ್ಕೂಲಿನ ಪಟ್ಟುಗಳನ್ನೇ, ಅದೇ ಹೆಸರಿನಲ್ಲಿ ಕಲಿಯುತ್ತದೆ. ಹುಡುಗ ವಾರ್ಸಿಟಿಗೆ, ಅಂದರೆ ಶಾಲೆಯ ಮುಖ್ಯ ತಂಡಕ್ಕೆ, ಬರುವ ಹೊತ್ತಿಗೆ ಆ ಪಟ್ಟುಗಳು ನಾಲ್ಕು ವರ್ಷದ ರೂಢಿಯಾಗಿರುತ್ತವೆ. ದೊಡ್ಡ ಶಾಲೆಗಳಿಗೆ, ಅಂದರೆ 5ಎ ಮತ್ತು 6ಎ ದರ್ಜೆಯವಕ್ಕೆ, ವಸಂತಕಾಲದ ಅಭ್ಯಾಸಕ್ಕೂ ಅನುಮತಿ ಇದೆ. ಕ್ರೀಡಾಂಗಣಕ್ಕೆ ಊರಿನವರೇ ಮತ ಹಾಕಿ ಬಾಂಡ್ ಮೂಲಕ ಸಾಲ ಎತ್ತುತ್ತಾರೆ. ಆ್ಯಲನ್ ಊರಿನ ಶಾಲೆಗೆ 2012ರಲ್ಲಿ ಸುಮಾರು 6 ಕೋಟಿ ಡಾಲರ್ ವೆಚ್ಚದಲ್ಲಿ 18,000 ಆಸನಗಳ ಕ್ರೀಡಾಂಗಣ ಎದ್ದಿತು. (ಎರಡೇ ವರ್ಷಕ್ಕೆ ಕಾಂಕ್ರೀಟ್ ಬಿರುಕುಬಿಟ್ಟು ಬಾಗಿಲು ಹಾಕಿತು, ದುರಸ್ತಿಯಾಗಿ 2015ರಲ್ಲಿ ಮತ್ತೆ ತೆರೆಯಿತು.)

ಆದರೆ ಇವೆಲ್ಲಕ್ಕಿಂತ ಹೆಚ್ಚು ತೂಗುವುದು ಕಾಲೇಜು ಕೋಚ್‌ಗಳ ಓಡಾಟ. ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗೆ ಅವರು ಶಾಲೆಗಳನ್ನು ಸುತ್ತುತ್ತಾರೆ. ಡಲ್ಲಾಸ್, ಹ್ಯೂಸ್ಟನ್, ಅಟ್ಲಾಂಟಾ, ಮಯಾಮಿ ಸುತ್ತಮುತ್ತ ಬಾಡಿಗೆ ಕಾರಿನಲ್ಲಿ ದಿನಕ್ಕೆ ಐದಾರು ಶಾಲೆ ಮುಗಿಸಬಹುದು. ಮೊಂಟಾನಾದಲ್ಲಿ ಅದೇ ದಿನ ಒಂದು ಶಾಲೆಗೇ ಸರಿಹೋಗುತ್ತದೆ. ಒಬ್ಬ ಒಳ್ಳೆಯ ಆಟಗಾರನನ್ನು ನೋಡಲು ಬಂದವರ ಕಣ್ಣಿಗೆ ಪಕ್ಕದವನೂ ಬೀಳುತ್ತಾನೆ. ಮುಂದಿನ ವರ್ಷ ಆ ಶಾಲೆ ಅವರ ಪಟ್ಟಿಯಲ್ಲಿ ಉಳಿದುಬಿಡುತ್ತದೆ.

ಪ್ರಶ್ನೆ: ಹಾಗಾದರೆ ಸಣ್ಣ ಊರಿನಿಂದ ಆಟಗಾರರು ಬರುವುದಿಲ್ಲವೇ? (ಮಡಿಕೇರಿ)

ಬರುತ್ತಾರೆ, ಕೆಲವೆಡೆ ಬೆರಗಾಗುವಷ್ಟು. ಫ್ಲಾರಿಡಾದ ಒಕಿಚೋಬಿ ಸರೋವರದ ದಂಡೆಯಲ್ಲಿ ಬೆಲ್ ಗ್ಲೇಡ್, ಪಹೋಕಿ ಎಂಬ ಎರಡು ಊರುಗಳಿವೆ. ಅಲ್ಲಿನ ಕಪ್ಪು ಜೌಗು ಮಣ್ಣಿಗೆ 'ಮಕ್' ಎನ್ನುತ್ತಾರೆ. ಸುತ್ತ ಕಬ್ಬಿನ ಗದ್ದೆ. ಕಟಾವಿಗೆ ಮುಂಚೆ ಗದ್ದೆಗೆ ಬೆಂಕಿ ಹಾಕಿದಾಗ ಹೊರಬೀಳುವ ಮೊಲಗಳನ್ನು ಹುಡುಗರು ಅಟ್ಟಿಕೊಂಡು ಹೋಗುತ್ತಾರೆ. ಓಟದ ವೇಗಕ್ಕೆ ಅದೇ ಕಾರಣ ಎಂದು ಪತ್ರಿಕೆಗಳು ಬರೆಯುತ್ತಲೇ ಬಂದಿವೆ. ಕೇಳಲು ಚೆನ್ನಾಗಿದೆ, ಅಷ್ಟೇ. ಕಬ್ಬು ಬಿಟ್ಟರೆ ಹೆಚ್ಚಿನ ದುಡಿಮೆ ಇಲ್ಲದ ಕಡೆ ಅಣ್ಣಂದಿರು ಆಡಿ ಕಾಲೇಜಿಗೆ ಹೋದದ್ದನ್ನು ತಮ್ಮಂದಿರು ಕಣ್ಣಾರೆ ಕಂಡಿರುವುದೇ ದೊಡ್ಡ ಕಾರಣ. ವೃತ್ತಿಪರ ಲೀಗಿನಲ್ಲಿ ಹೆಸರು ಮಾಡಿದ ಆಂಕ್ವಾನ್ ಬೋಲ್ಡನ್ ಪಹೋಕಿಯವರು, ಸ್ಯಾಂಟೋನಿಯೊ ಹೋಮ್ಸ್ ಬೆಲ್ ಗ್ಲೇಡಿನವರು. ಎರಡೂ ಊರಿನ ಶಾಲೆಗಳ ನಡುವಿನ ವಾರ್ಷಿಕ ಪಂದ್ಯದ ಹೆಸರೇ 'ಮಕ್ ಬೌಲ್'.

ಸುಮಾರು 50,000 ಜನರ ಅಮೆರಿಕನ್ ಸಮೋವಾ ದ್ವೀಪಗಳಿಂದಲೂ ವೃತ್ತಿಪರ ಲೀಗಿಗೆ ಸಾಲುಸಾಲಾಗಿ ಆಟಗಾರರು ಹೋಗಿದ್ದಾರೆ.

ಹಾಗೆಯೇ ಕಣಜ ಬರಿದಾಗುವುದೂ ಉಂಟು. ಪಶ್ಚಿಮ ಪೆನ್ಸಿಲ್ವೇನಿಯ ಒಂದು ಕಾಲಕ್ಕೆ ಕ್ವಾರ್ಟರ್‌ಬ್ಯಾಕ್‌ಗಳ (ಚೆಂಡು ಎಸೆದು ತಂಡದ ದಾಳಿ ನಡೆಸುವವರ) ತವರು: ಜಾನಿ ಯುನೈಟಸ್, ಜೋ ನೇಮತ್, ಜೋ ಮೊಂಟಾನಾ, ಡ್ಯಾನ್ ಮರೀನೊ. ಉಕ್ಕಿನ ಕಾರ್ಖಾನೆಗಳು ಮುಚ್ಚಿದ ಮೇಲೆ ಸಂಸಾರಗಳು ಕೆಲಸ ಹುಡುಕಿಕೊಂಡು ಊರು ಬಿಟ್ಟವು, ಶಾಲೆಗಳಲ್ಲಿ ಮಕ್ಕಳು ಕಡಿಮೆಯಾದರು. ಆಲಿಕ್ವಿಪಾ ಎಂಬ ಪುಟ್ಟ ಊರು ಮಾತ್ರ ಈಗಲೂ ಛಲ ಬಿಟ್ಟಿಲ್ಲ.

ಪ್ರಶ್ನೆ: ಮಗ 10ನೇ ತರಗತಿ, ಜೂನಿಯರ್ ತಂಡದಲ್ಲಿದ್ದಾನೆ. ಇನ್ನೂ ಬಲವಾದ ತಂಡವಿರುವ ಪಕ್ಕದ ಊರಿಗೆ ಮನೆ ಬದಲಿಸೋಣವೆಂದಿದ್ದೇವೆ. ಸರಿಯೇ? (ಪ್ಲೇನೊ, ಟೆಕ್ಸಸ್)

ಬೇಡ ಎನ್ನುತ್ತೇವೆ. ಟೆಕ್ಸಸ್‌ನ ಶಾಲಾ ಕ್ರೀಡೆಗಳನ್ನು ನಡೆಸುವ ಯುಐಎಲ್ ಸಂಸ್ಥೆಯ ನಿಯಮದಂತೆ, ಆಟಕ್ಕೋಸ್ಕರವೇ ಶಾಲೆ ಬದಲಿಸಿದವನು ಕನಿಷ್ಠ ಒಂದು ವರ್ಷ ವಾರ್ಸಿಟಿ ಆಡುವಂತಿಲ್ಲ. ಹೊಸ ಶಾಲೆಗೆ ಹೋದೊಡನೆ ಹಿಂದಿನ ಆಟದ ವಿವರದ ಅರ್ಜಿ ತುಂಬಬೇಕು. ಅದಕ್ಕೆ ಹಳೆಯ ಶಾಲೆಯವರೂ ಉತ್ತರ ಬರೆಯುತ್ತಾರೆ. ಬದಲಾವಣೆ ಆಟಕ್ಕಾಗಿ ಎಂದು ಅವರು ಬರೆದರೆ ವಿಷಯ ಜಿಲ್ಲಾ ಸಮಿತಿಯ ಮುಂದೆ ಹೋಗುತ್ತದೆ. ತಂದೆ ಹಳೆಯ ಮನೆಯಲ್ಲಿ, ತಾಯಿ-ಮಗ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ ಎಂಬಂಥ ಏರ್ಪಾಡು ಅಲ್ಲೇ ಸಿಕ್ಕಿಬೀಳುವುದು. (ಫ್ಲಾರಿಡಾದ ಮಾತು ಬೇರೆ. 2016ರ ಕಾನೂನಿನ ನಂತರ ಅಲ್ಲಿ ಶಾಲೆ ಬದಲಿಸಿದವರು ತಕ್ಷಣ ಆಡಬಹುದು.)

ನಿಯಮ ದಾಟಿದರೂ ಇನ್ನೊಂದು ತೊಡಕಿದೆ. ಬಲವಾದ 6ಎ ಶಾಲೆಯಲ್ಲಿ ಒಂದೊಂದು ಸ್ಥಾನಕ್ಕೂ ಮೂರ್ನಾಲ್ಕು ಹುಡುಗರಿರುತ್ತಾರೆ. ಕಾಲೇಜಿನವರು ತೀರ್ಮಾನಕ್ಕೆ ನೋಡುವುದು 11ನೇ ತರಗತಿಯ ಪಂದ್ಯಗಳ ವಿಡಿಯೊ. ಆ ಋತುವನ್ನು ಹೆಸರಾಂತ ತಂಡದ ಬೆಂಚಿನ ಮೇಲೆ ಕಳೆದವನಿಗಿಂತ ಸಾಧಾರಣ ತಂಡದಲ್ಲಿ ಹತ್ತೂ ಪಂದ್ಯ ಆಡಿದವನ ಕೈಯಲ್ಲಿ ತೋರಿಸಲು ಏನಾದರೂ ಇರುತ್ತದೆ.

ಪ್ರಶ್ನೆ: ನಮ್ಮ ಕಡೆಗೆ ಕೋಚ್‌ಗಳು ಬರುವುದೇ ಅಪರೂಪ. ಮಗ ಲೈನ್‌ಮನ್ (ಮುಂದಿನ ಸಾಲಿನಲ್ಲಿ ನಿಂತು ಎದುರಾಳಿಯೊಡನೆ ಸೆಣಸುವವನು). ಗಮನ ಸೆಳೆಯುವುದು ಹೇಗೆ? (ಮಿನೆಸೋಟ)

ಅವರು ಬರದಿದ್ದರೆ ವಿಡಿಯೊ ಹೋಗಬೇಕು. ಪಂದ್ಯದ ವಿಡಿಯೊ ಹಾಕುವ ಜಾಲತಾಣ 'ಹಡಲ್'ನ ಖಾತೆ ಶಾಲೆಯ ತಂಡದ ಮೂಲಕವೇ ಸಿಗುತ್ತದೆ. ಮೂರರಿಂದ ಐದು ನಿಮಿಷ ಸಾಕು. ಅತ್ಯುತ್ತಮವಾದ ನಾಲ್ಕೈದು ತುಣುಕು ಮೊದಲ ಅರ್ಧ ನಿಮಿಷದಲ್ಲೇ ಬರಲಿ, ಏಕೆಂದರೆ ಬಹಳ ಜನ ಅಲ್ಲಿಗೇ ನಿಲ್ಲಿಸುತ್ತಾರೆ. ಚೆಂಡು ಆಟಕ್ಕೆ ಬರುವ ಮೊದಲು ಮಗನ ಸುತ್ತ ವೃತ್ತ ಹಾಕಿ. ಹಾಡು, ನಿಧಾನಗತಿ, ಹಾರುವ ಅಕ್ಷರ ಯಾವುದೂ ಬೇಡ. ಲೈನ್‌ಮನ್‌ಗೆ ಗೋಲಿನ ಹಿಂದಿನಿಂದ ತೆಗೆದ ಕೋನವೇ ಮುಖ್ಯ: ಪಾದ ಹೇಗೆ ಇಡುತ್ತಾನೆ, ಮಂಡಿ ಬಗ್ಗುತ್ತದೆಯೋ ಸೊಂಟ ಬಗ್ಗುತ್ತದೆಯೋ, ಸೀಟಿ ಊದುವವರೆಗೆ ಎದುರಾಳಿಯನ್ನು ಬಿಡುವುದಿಲ್ಲವೋ ಎಂಬುದು ಅಲ್ಲೇ ಕಾಣುವುದು. ಎರಡು ಪೂರ್ತಿ ಪಂದ್ಯಗಳ ವಿಡಿಯೊ ಸಿದ್ಧವಿರಲಿ. ಆಸಕ್ತಿ ಹುಟ್ಟಿದರೆ ಮೊದಲು ಕೇಳುವುದು ಅದನ್ನೇ.

ಇಮೇಲ್ ಮಗನೇ ಬರೆಯಲಿ, ನೀವಲ್ಲ. ಮುಖ್ಯ ಕೋಚ್‌ಗೆ ಬರೆಯುವುದಕ್ಕಿಂತ ಲೈನ್‌ಮನ್‌ಗಳನ್ನು ನೋಡಿಕೊಳ್ಳುವ ಕೋಚ್‌ಗೂ ನಿಮ್ಮ ಪ್ರದೇಶದ ಹೊಣೆ ಹೊತ್ತವರಿಗೂ ಬರೆದರೆ ಫಲ ಹೆಚ್ಚು. ಎತ್ತರ, ತೂಕ, ಹೈಸ್ಕೂಲ್ ಮುಗಿಸುವ ವರ್ಷ, ಜಿಪಿಎ, ವಿಡಿಯೊ ಕೊಂಡಿ, ಶಾಲಾ ಕೋಚ್‌ನ ಫೋನ್, ಆರು ಸಾಲಿನಲ್ಲಿ ಮುಗಿಸಿ. ಎತ್ತರವನ್ನು ಒಂದಂಗುಲವೂ ಏರಿಸಬೇಡಿ: ಜೂನ್ ತಿಂಗಳ ಶಿಬಿರದಲ್ಲಿ ಶೂ ಬಿಚ್ಚಿಸಿ ಅಳೆಯುತ್ತಾರೆ, ತೋಳಿನ ಉದ್ದವನ್ನೂ. ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ತೆಗೆದ 40 ಗಜದ ಓಟದ ಸಮಯವನ್ನು ಯಾರೂ ನಂಬುವುದಿಲ್ಲ. ಗುಂಡು ಎಸೆತದ ದೂರವಿದ್ದರೆ ಅದನ್ನು ಬರೆಯಿರಿ. 11ನೇ ತರಗತಿಯ ಸೆಪ್ಟೆಂಬರ್ 1ಕ್ಕೆ ಮೊದಲು ದೊಡ್ಡ ಕಾಲೇಜಿನ ಕೋಚ್‌ಗಳು ಖಾಸಗಿಯಾಗಿ ಉತ್ತರಿಸುವಂತಿಲ್ಲ. ಉತ್ತರ ಬರಲಿಲ್ಲವೆಂದು ಕಂಗೆಡಬೇಡಿ.

ಇನ್ನೊಂದು ಮಾತು. ಎಂಐಟಿ, ಕಾರ್ನೆಗಿ ಮೆಲನ್, ಜಾನ್ಸ್ ಹಾಪ್ಕಿನ್ಸ್, ಶಿಕಾಗೊ ವಿಶ್ವವಿದ್ಯಾಲಯ ಎಲ್ಲಕ್ಕೂ ಫುಟ್‌ಬಾಲ್ ತಂಡವಿದೆ. ಕಾಲೇಜು ಕ್ರೀಡೆಯ ಮೂರು ವಿಭಾಗಗಳಲ್ಲಿ ಇವು ಮೂರನೆಯದಕ್ಕೆ ಸೇರಿದವು, ಆಟದ ಸ್ಕಾಲರ್‌ಶಿಪ್ ಇಲ್ಲ. ಅಂಕ ಗಟ್ಟಿಯಾಗಿರುವ ಲೈನ್‌ಮನ್ ಅಲ್ಲಿಗೂ ಬರೆಯಲಿ.

ಪ್ರಶ್ನೆ: ಮಗ 9ನೇ ತರಗತಿ ಬೆಂಗಳೂರಿನಲ್ಲಿ ಮುಗಿಸಿ ಇಲ್ಲಿಗೆ ಬಂದ. ಇಲ್ಲಿ ಮತ್ತೆ 9ಕ್ಕೇ ಸೇರಿಸಿದೆವು. ತೊಂದರೆ ಇದೆಯೇ? (ಆಸ್ಟಿನ್)

ಇದೆ. ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ಲೆಕ್ಕ ಶುರುವಾಗುವುದು ಮೊದಲ ಸಲ 9ನೇ ತರಗತಿಗೆ ಕಾಲಿಟ್ಟ ದಿನದಿಂದ, ಆ ಶಾಲೆ ಜಯನಗರದಲ್ಲಿದ್ದರೂ ಸರಿ. ಟೆಕ್ಸಸ್‌ನಲ್ಲೂ ಆಡಲು ಇರುವುದು ಮೊದಲ 9ನೇ ತರಗತಿಯಿಂದ ನಾಲ್ಕೇ ವರ್ಷ. ಅಂದರೆ 12ನೇ ತರಗತಿಯ ಋತುವೇ ಕೈತಪ್ಪಬಹುದು. ಶಾಲೆಯ ಕ್ರೀಡಾ ನಿರ್ದೇಶಕರನ್ನು ಈ ವಾರವೇ ಕಂಡು, ಇವನ ಲೆಕ್ಕ ಎಂದಿಗೆ ಮುಗಿಯುತ್ತದೆ ಎಂದು ಬರಹದಲ್ಲಿ ಕೇಳಿ. ಬೆಂಗಳೂರಿನ 9ನೇ ತರಗತಿಯ ಮೂಲ ಅಂಕಪಟ್ಟಿ ಜೋಪಾನ. ಅದು ಕಳೆದಿದ್ದರೆ ಆ ಶಾಲೆಗೆ ಈಗಲೇ ಬರೆಯಿರಿ.

ಮೊದಲ ವಿಭಾಗದ ಕಾಲೇಜಿಗೆ 16 ಮುಖ್ಯ ವಿಷಯಗಳು (ಒಂದೊಂದೂ ಒಂದು ವರ್ಷದ ಪಾಠ) ಬೇಕು: ಇಂಗ್ಲಿಷ್ 4, ಗಣಿತ 3, ವಿಜ್ಞಾನ 2, ಈ ಮೂರರಲ್ಲಿ ಯಾವುದಾದರೂ ಇನ್ನೊಂದು, ಸಮಾಜ 2, ಉಳಿದ 4 ಭಾಷೆಯಂಥವು. ಇವುಗಳ ಸರಾಸರಿ ಜಿಪಿಎ 4ಕ್ಕೆ ಕನಿಷ್ಠ 2.3. ಎಡವುವುದು ಎಲ್ಲಿ ಎಂದರೆ, 16ರಲ್ಲಿ 10 ವಿಷಯ 12ನೇ ತರಗತಿ ಶುರುವಾಗುವ ಮೊದಲೇ ಮುಗಿದಿರಬೇಕು, ಅದರಲ್ಲಿ 7 ಇಂಗ್ಲಿಷ್, ಗಣಿತ, ವಿಜ್ಞಾನವೇ ಆಗಿರಬೇಕು. ಆ ಹತ್ತರ ಅಂಕಗಳಿಗೆ ಅಲ್ಲಿಗೆ ಬೀಗ. ಮತ್ತೆ ಬರೆದು ಏರಿಸುವಂತಿಲ್ಲ.

ಪ್ರಶ್ನೆ: ದುಡ್ಡು ಕೊಟ್ಟರೆ ಜಾಲತಾಣಗಳು ಹೈಸ್ಕೂಲ್ ಆಟಗಾರರಿಗೆ ಕೊಡುವ ನಕ್ಷತ್ರ ರೇಟಿಂಗ್ ಕೊಡಿಸುತ್ತೇವೆ ಎಂದು ಒಬ್ಬರು ಹಿಂದೆ ಬಿದ್ದಿದ್ದಾರೆ. (ಚಾರ್ಲೆಟ್)

ಕೊಡಬೇಡಿ. ಕಾಲೇಜುಗಳಿಂದ ಸ್ಕಾಲರ್‌ಶಿಪ್ ಆಫರ್‌ಗಳು ಬಂದಲ್ಲಿ ನಕ್ಷತ್ರಗಳು ತಾವಾಗಿ ಹಿಂಬಾಲಿಸುತ್ತವೆ.

ಪ್ರಶ್ನೆ: ಸ್ಕಾಲರ್‌ಶಿಪ್ ಎಷ್ಟು ಜನಕ್ಕೆ? ನಾವು ಎಚ್-4 (ಕೆಲಸದ ವೀಸಾದವರ ಕುಟುಂಬಕ್ಕೆ ಸಿಗುವ) ವೀಸಾದಲ್ಲಿದ್ದೇವೆ. (ಅಟ್ಲಾಂಟಾ)

ಮೇಲ್ದರ್ಜೆಯ ತಂಡಗಳಿಗೆ ಮೊದಲು 85 ಸ್ಕಾಲರ್‌ಶಿಪ್ ಮಿತಿ ಇತ್ತು. ನ್ಯಾಯಾಲಯದ ಒಪ್ಪಂದದ ನಂತರ, 2025ರಿಂದ, ಅದನ್ನು ಒಪ್ಪಿಕೊಂಡ ಕಾಲೇಜುಗಳಲ್ಲಿ ಆ ಮಿತಿ ಹೋಗಿ ತಂಡದ ಗಾತ್ರವೇ 105ಕ್ಕೆ ನಿಂತಿದೆ. ಕೇಳಲು ಹೆಚ್ಚಾದಂತೆ ಇದೆ. ಆದರೆ ಹಿಂದೆ ಸ್ವಂತ ಖರ್ಚಿನಲ್ಲಿ ತಂಡ ಸೇರುತ್ತಿದ್ದ ಹುಡುಗರ ಜಾಗ ಅಷ್ಟರಮಟ್ಟಿಗೆ ಕಿರಿದಾಗಿದೆ. ಜೊತೆಗೆ ಬೇರೆ ಕಾಲೇಜಿನಲ್ಲಿ ಆಡಿ ಪಳಗಿದವರನ್ನು ವರ್ಗಾವಣೆಯಲ್ಲಿ ಕರೆತರುವುದು ಹೆಚ್ಚಿರುವುದರಿಂದ ಹೈಸ್ಕೂಲಿನಿಂದ ನೇರ ಬರುವವರಿಗೆ ಪೈಪೋಟಿ ಬಿಗಿಯಾಗಿದೆ. ಬಾಯಿಮಾತಿನ ಆಫರ್ ಲೆಕ್ಕಕ್ಕಿಲ್ಲ. ಆಟಗಾರ ಕಾಲೇಜಿಗೆ ಬದ್ಧನಾಗಲು ಸಹಿ ಹಾಕುತ್ತಿದ್ದ ಹಳೆಯ ರಾಷ್ಟ್ರೀಯ ಒಪ್ಪಿಗೆ ಪತ್ರವನ್ನು ಅಕ್ಟೋಬರ್ 2024ರಲ್ಲಿ ಕೈಬಿಟ್ಟರು. ಈಗ ಡಿಸೆಂಬರ್‌ನಲ್ಲೋ ಫೆಬ್ರವರಿಯಲ್ಲೋ ಕಾಲೇಜು ಕೊಡುವ ಆರ್ಥಿಕ ನೆರವಿನ ಒಪ್ಪಂದಕ್ಕೆ ಸಹಿ ಬಿದ್ದ ಮೇಲೆಯೇ ಮಾತು ಗಟ್ಟಿ.

ಎಚ್-4ರಲ್ಲಿದ್ದರೂ ಸ್ಕಾಲರ್‌ಶಿಪ್ ಪಡೆಯಬಹುದು, ಅದು ದುಡಿಮೆಯಲ್ಲ. ಜಾಹೀರಾತು, ಹೆಸರು ಬಳಕೆಯ ಹಣ ಮಾತ್ರ ಅಪಾಯ: ಕೆಲಸದ ಪರವಾನಗಿ ಇಲ್ಲದೆ ಗಳಿಸಿದರೆ ವೀಸಾಕ್ಕೇ ಕುತ್ತು. ಮಗನಿಗೆ 21 ತುಂಬಿದಾಗ ಎಚ್-4 ಮುಗಿಯುತ್ತದೆ, ಅದು ಬೀಳುವುದು ಕಾಲೇಜಿನ ಮೂರನೇ ವರ್ಷದ ಆಸುಪಾಸಿನಲ್ಲಿ. ವಿದ್ಯಾರ್ಥಿ ವೀಸಾ ಎಫ್-1ಕ್ಕೆ ಬದಲಾಯಿಸುವ ಅರ್ಜಿಯನ್ನು ಯಾವಾಗ ಹಾಕಬೇಕೆಂದು ವಲಸೆ ವಕೀಲರನ್ನು ಸಹಿಗೆ ಮೊದಲೇ ಕೇಳಿ.