ಕಷಾಯ ಕುದಿಸಿದರೆ ಕೀಟನಾಶಕ ಹೋಗುತ್ತಾ?

ಪ್ರಶ್ನೆ: ಅತ್ತೆಗೆ ಅಮೃತಬಳ್ಳಿ ಕಷಾಯ, ನನಗೆ ಹಾಲಿನಲ್ಲಿ ಅಶ್ವಗಂಧದ ಪುಡಿ, ಮಗನಿಗೆ ನೆನೆಸಿದ ಒಣದ್ರಾಕ್ಷಿ. ಎಲ್ಲವನ್ನೂ ಮಂಡಈ ಮಾರುಕಟ್ಟೆ ಹತ್ತಿರದ ಗ್ರಂಧಿಗೆ ಅಂಗಡಿಯಿಂದ ತರುತ್ತೇವೆ. ಬೆಳೆಗೆ ಹೊಡೆದ ಔಷಧಿ ಒಣಗಿಸಿ, ಕುದಿಸಿದ ಮೇಲೂ ಉಳಿಯುತ್ತಾ ಮೇಡಂ?
– ಓದುಗರೊಬ್ಬರು, ಕೋಥ್ರೂಡ್, ಪುಣೆ

ಉತ್ತರ: ಉಳಿಯಬಹುದು. ಎಷ್ಟು ಅನ್ನುವುದು ನೀವು ಅದನ್ನು ಹೇಗೆ ತೆಗೆದುಕೊಳ್ಳುತ್ತೀರಿ ಅನ್ನುವುದರ ಮೇಲಿದೆ. ನಾನು ಕೆಲಸ ಮಾಡುತ್ತಿದ್ದ ಲ್ಯಾಬಿನಲ್ಲಿ ನಾವು ಮೊದಲು ನೋಡುತ್ತಿದ್ದದ್ದು ಒಂದೇ: ಈ ಔಷಧಿ ನೀರಿನಲ್ಲಿ ಕರಗುತ್ತದೋ, ಎಣ್ಣೆಯಲ್ಲೋ?

ಇಮಿಡಾಕ್ಲೋಪ್ರಿಡ್, ಡೈಮಿಥೋಯೇಟ್‌ನಂಥ ಕೀಟನಾಶಕಗಳು ನೀರಿಗೆ ಇಳಿಯುತ್ತವೆ. ಅಂದರೆ ಕಷಾಯದ ಲೋಟಕ್ಕೇ ಬರುತ್ತವೆ. ಎಣ್ಣೆಯಲ್ಲಿ ಕರಗುವ ಕ್ಲೋರ್‌ಪೈರಿಫಾಸ್, ಸೈಪರ್‌ಮೆಥ್ರಿನ್ ಹೆಚ್ಚಾಗಿ ಚರಟದಲ್ಲೇ ಉಳಿಯುತ್ತವೆ, ಸೋಸಿ ಚೆಲ್ಲಿದರೆ ಹೋದವು. ಅದೇ ಬೇರು, ಎಲೆಯನ್ನು ಹಾಕಿ ತೈಲ ಕಾಯಿಸಿದರೆ ಮಾತ್ರ ಅವು ಎಣ್ಣೆಗೆ ಬಂದುಬಿಡುತ್ತವೆ.

ಹಾಗಾಗಿ ನನಗೆ ಅತ್ತೆಯವರ ಕಷಾಯಕ್ಕಿಂತ ನಿಮ್ಮ ಪುಡಿಯದೇ ಜಾಸ್ತಿ ಚಿಂತೆ. ಅಮೃತಬಳ್ಳಿ ಬಹುಪಾಲು ಕಾಡು, ಬೇಲಿಗಳಿಂದ ಬರುತ್ತದೆ. ಅಶ್ವಗಂಧವನ್ನು ಮಧ್ಯಪ್ರದೇಶದ ನೀಮಚ್, ಮಂದಸೌರ್ ಕಡೆ ಹೊಲದಲ್ಲಿ ಬೆಳೆಯುತ್ತಾರೆ. ಪುಡಿಯಲ್ಲಿ ಸೋಸುವ ಮಾತೇ ಇಲ್ಲ, ಬೇರಿನಲ್ಲಿ ಇದ್ದದ್ದೆಲ್ಲ ಹೊಟ್ಟೆಗೆ. ಇಡೀ ಬೇರು ತಂದು, ಉಜ್ಜಿ ತೊಳೆದು, ಚೆನ್ನಾಗಿ ಒಣಗಿಸಿ ಮನೆಯಲ್ಲೇ ಪುಡಿ ಮಾಡಿಕೊಳ್ಳಿ. ಮಣ್ಣಿನ ಜೊತೆ ಮೇಲೆ ಅಂಟಿದ್ದಾದರೂ ಹೋಗುತ್ತದೆ.

ತೊಳೆಯುವುದಕ್ಕೂ ಒಂದು ಮಿತಿ ಇದೆ. 2017ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು ಸೇಬಿಗೆ ಥಯಾಬೆಂಡಜೋಲ್ ಎಂಬ ಶಿಲೀಂಧ್ರನಾಶಕ ಸವರಿ, ಲೀಟರಿಗೆ 10 ಗ್ರಾಂ ಅಡುಗೆ ಸೋಡಾ ಹಾಕಿದ ನೀರಿನಲ್ಲಿ 12 ನಿಮಿಷ ನೆನೆಸಿದರು. ಸುಮಾರು 80% ಹೋಯಿತು. ಮಿಕ್ಕದ್ದು ಸಿಪ್ಪೆಯೊಳಗೆ ಇಳಿದಿತ್ತು, ಅದು ಬರಲಿಲ್ಲ.

ಇನ್ನು ಬೆಂಕಿ. ಕುದಿಸಿದರೆ ವಿಷವೆಲ್ಲ ಸಾಯುತ್ತದೆ ಅಂತ ನಂಬಿದವರು ಬಹಳ. ಕೆಲವು ಔಷಧಿಗಳು ಬಿಸಿಗೆ ಒಡೆಯುತ್ತವೆ, ನಿಜ. ಆದರೆ ದ್ರಾಕ್ಷಿ, ಟೊಮೆಟೊಗೆ ಹೊಡೆಯುವ ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ ಒಡೆದಾಗ ಎಥಿಲೀನ್ ಥಯೋಯೂರಿಯಾ ಎಂಬ ವಸ್ತು ಆಗುತ್ತದೆ. ಅದು ಥೈರಾಯ್ಡ್‌ಗೆ ಕೆಟ್ಟದ್ದು. ಮ್ಯಾಂಕೋಜೆಬ್ ಕೂರುವುದು ಮೇಲ್ಮೈಯಲ್ಲಿ. ಅದಕ್ಕೇ ಒಲೆಯ ಮೇಲೆ ಇಡುವ ಮೊದಲೇ ತೊಳೆಯಿರಿ ಅಂತ ನಾನು ಸಿಕ್ಕವರಿಗೆಲ್ಲ ಹೇಳುವುದು.

ಮಗನ ಒಣದ್ರಾಕ್ಷಿ: ಸುಮಾರು 4 ಕಿಲೋ ಹಸಿ ದ್ರಾಕ್ಷಿ ಒಣಗಿ 1 ಕಿಲೋ ಆಗುತ್ತದೆ. ನೀರು ಹಾರಿತು, ಔಷಧಿ ಹಾರಲಿಲ್ಲ ಅಂದರೆ ಕಿಲೋ ಲೆಕ್ಕದಲ್ಲಿ ಅದು ನಾಲ್ಕು ಪಟ್ಟು. ಸಾಂಗ್ಲಿ ಜಿಲ್ಲೆಯ ತಾಸಗಾಂವ್‌ನಲ್ಲಿ, ನಮ್ಮ ವಿಜಯಪುರದಲ್ಲಿ ಬಣ್ಣ ಕೆಡಬಾರದು ಅಂತ ನೆರಳಿನ ಶೆಡ್‌ಗಳಲ್ಲಿ ಒಣಗಿಸುತ್ತಾರೆ, ಬಿಸಿಲು ಒಡೆಯಬಹುದಾದದ್ದೂ ಅಲ್ಲಿ ಪೂರ್ತಿ ಒಡೆಯುವುದಿಲ್ಲ. ಬಿಟ್ಟುಬಿಡಿ ಅನ್ನುತ್ತಿಲ್ಲ. ಉಗುರುಬೆಚ್ಚಗಿನ ನೀರಿನಲ್ಲಿ ಚೆನ್ನಾಗಿ ತೊಳೆದು, ನೆನೆಸಿದ ನೀರು ಚೆಲ್ಲಿ ಕೊಡಿ. ಒಣಗಿಸುವ ಮುಂಚೆ ಅದ್ದುವ ಡಿಪ್ಪಿಂಗ್ ಆಯಿಲ್‌ನ ಜಿಡ್ಡೂ ಸ್ವಲ್ಪ ಹೋಗುತ್ತದೆ.

ನಮ್ಮ ಪುಣೆಯ ಮಾಂಜರಿಯಲ್ಲೇ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಇದೆ. ಯುರೋಪಿಗೆ ಹೋಗುವ ದ್ರಾಕ್ಷಿಯ ಔಷಧಿ ಶೇಷದ ಮೇಲೆ ಕಣ್ಣಿಡುವ ರೆಫರಲ್ ಪ್ರಯೋಗಾಲಯ ಅದೇ. ನಮ್ಮ ಮಕ್ಕಳು ತಿನ್ನುವುದಕ್ಕೂ ಅಷ್ಟೇ ಕಾವಲು ಬೇಡವಾ? ಅಶ್ವಗಂಧ ಪ್ಯಾಕೆಟ್‌ನಲ್ಲಿ ಕೊಳ್ಳುವುದಾದರೆ ಬ್ಯಾಚ್ ನಂಬರ್ ತೋರಿಸಿ, ಆ ಬ್ಯಾಚಿನ ಕೀಟನಾಶಕ ಪರೀಕ್ಷೆಯ ವರದಿ ಕೇಳಿ. ಕೊಡದಿದ್ದರೆ ಬೇರೆಯವರ ಹತ್ತಿರ ಕೊಳ್ಳಿ.