ಏಪ್ರಿಲ್‌ನಲ್ಲಿ ವಿಜಯಪುರ 40 ಡಿಗ್ರಿ ಮುಟ್ಟುವಾಗ ಕಾರವಾರ 33ರ ಆಸುಪಾಸಿನಲ್ಲೇ ಇರುತ್ತದಲ್ಲ, ಯಾಕೆ?

ಮುಖ್ಯ ಕಾರಣ ಸಮುದ್ರ. ಒಣ ಮಣ್ಣಿಗೆ ಹೋಲಿಸಿದರೆ ಅಷ್ಟೇ ತೂಕದ ನೀರು ಒಂದು ಡಿಗ್ರಿ ಕಾಯಲು ನಾಲ್ಕೈದು ಪಟ್ಟು ಶಾಖ ಬೇಕು. ಕಾರವಾರದಲ್ಲಿ ನೆಲ ಕಾದು ಗಾಳಿ ಮೇಲೇಳುತ್ತಿದ್ದಂತೆ ಕಡಲಗಾಳಿ ಒಳಗೆ ಬೀಸಿ ತಾಪ ಏರದಂತೆ ತಡೆಯುತ್ತದೆ.

ನಮ್ಮ ವಿಜಯಪುರಕ್ಕೆ ಆ ತಂಪು ತಲುಪುವುದಿಲ್ಲ. ನಡುವೆ ಘಟ್ಟವಿದೆ, ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ಕಾದ ನೆಲವಿದೆ. ಮೇಲಾಗಿ ನಮ್ಮದು ಎರೆ ಭೂಮಿ. ಜೋಳ, ಕಡಲೆಯ ರಾಶಿ ಮುಗಿದ ಮೇಲೆ ಹೊಲ ಬರಿದಾಗಿ, ಅಂಗೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಮಣ್ಣಲ್ಲಿ ಹಸಿ ಇದ್ದಾಗ ಬಿಸಿಲಿನ ಒಂದು ಪಾಲು ಅದನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಹಸಿ ಆರಿತೆಂದರೆ ಆ ಶಾಖವೆಲ್ಲ ನೆಲಕ್ಕೆ, ಗಾಳಿಗೆ. ಕಪ್ಪು ಮಣ್ಣು ಬಿಸಿಲನ್ನು ಹೀರುವುದೂ ಜಾಸ್ತಿ.

ಹಾಗಂತ ಕರಾವಳಿಯವರು ಸುಖವಾಗಿದ್ದಾರೆ ಅನ್ನಬೇಡಿ. ಇಲ್ಲಿ ಒಗೆದು ಹಾಕಿದ ಟವೆಲ್ಲು ಅರ್ಧ ತಾಸಿಗೆ ಗರಿಗರಿ, ಅಲ್ಲಿ ಸಂಜೆಗೂ ತಣುವು ಹೋಗಿರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯದು. ನಮ್ಮಲ್ಲಿ ಗಾಳಿ ಒಣದು, ಆಕಾಶ ತಿಳಿ, ಹಾಗಾಗಿ ನೆಲ ರಾತ್ರಿ ಬೇಗ ಆರುತ್ತದೆ. ಮಾರ್ಚ್‌ನಲ್ಲಿ ಮಾಳಿಗೆ ಮೇಲೆ ಮಲಗಿದವರು ನಸುಕಿಗೆ ಚಾದರ ಎಳೆದುಕೊಳ್ಳುವುದು ಇದಕ್ಕೇ.

ನಮ್ಮ ಹಾಗೆ ಒಳನಾಡಿನಲ್ಲಿದ್ದರೂ ಬೆಳಗಾವಿಯ ಕಥೆ ಬೇರೆ. ಅದು ಸುಮಾರು 750 ಮೀಟರ್ ಎತ್ತರದಲ್ಲಿ, ಘಟ್ಟದ ಮಗ್ಗುಲಲ್ಲೇ ಇದೆ. ಪಡುವಣ ಗಾಳಿಯ ತೇವ ಘಟ್ಟ ಏರುವಾಗ ತಣ್ಣಗಾಗಿ ಮೋಡಗಟ್ಟುತ್ತದೆ. ಮೇ ತಿಂಗಳ ಬೆಳಿಗ್ಗೆ ಅಲ್ಲಿ ಮೋಡ ತಗ್ಗಿ ನಿಂತದ್ದು ಕಂಡರೆ ಮಳೆ ಬಂತೆಂದುಕೊಳ್ಳಬೇಡಿ, ಬಿಸಿಲು ಏರುತ್ತಿದ್ದಂತೆ ಸಾಮಾನ್ಯವಾಗಿ ಅದು ಕರಗಿ ಹೋಗುತ್ತದೆ.