ಕಂಪನಿ ಮುಳುಗಿದರೆ ಮಗಳ ಪಿಂಚಣಿ ಏನಾಗುತ್ತದೆ?

ಹಾಸನದ ಓದುಗರೊಬ್ಬರು ಕೇಳಿದ್ದಾರೆ: "ನನ್ನ ಮಗಳು ನಾಲ್ಕು ವರ್ಷ ಸ್ಟುಟ್‌ಗಾರ್ಟ್‌ನಲ್ಲಿ ಇಂಜಿನಿಯರ್ ಆಗಿದ್ದಳು, ಈಗ ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿದ್ದಾಳೆ. ಎರಡೂ ಕಡೆ ಕಂಪನಿಯ ಪಿಂಚಣಿ ಇದೆಯಂತೆ. ಕಂಪನಿ ಮುಳುಗಿದರೆ ಆ ದುಡ್ಡಿನ ಗತಿ ಏನು? ಯುರೋಪೆಲ್ಲ ಒಂದೇ ಒಕ್ಕೂಟ ಅಂತಾರೆ, ನಮ್ಮ ಪಿ.ಎಫ್. ಹಾಗೆ ಒಂದೇ ಕಾನೂನು ಯಾಕಿಲ್ಲ?"

ನಿಮ್ಮ ಆತಂಕ ಸುಮ್ನೆ ಹುಟ್ಟಿದ್ದಲ್ಲ. 1991ರಲ್ಲಿ ಬ್ರಿಟನ್ನಿನ ಪತ್ರಿಕಾ ಉದ್ಯಮಿ ರಾಬರ್ಟ್ ಮ್ಯಾಕ್ಸ್‌ವೆಲ್ ಸತ್ತ ಮೇಲೆ ಲೆಕ್ಕ ನೋಡಿದರೆ, ಅವನ ಕಂಪನಿಗಳ ನೌಕರರ ಪಿಂಚಣಿ ನಿಧಿಗಳಿಂದ 40 ಕೋಟಿ ಪೌಂಡಿಗೂ ಜಾಸ್ತಿ ಹಣ ಮಾಯವಾಗಿತ್ತು. ಸಾಲದಲ್ಲಿದ್ದ ಕಂಪನಿಗಳನ್ನು ಉಳಿಸಿಕೊಳ್ಳಲು ಆತ ಅದಕ್ಕೇ ಕೈ ಹಾಕಿದ್ದ. ಆಮೇಲೆ ಬ್ರಿಟನ್ 1995ರಲ್ಲಿ ಕಾನೂನು ಬಿಗಿ ಮಾಡಿತು. 2005ರಲ್ಲಿ ದಿವಾಳಿಯಾದ ಕಂಪನಿಗಳ ನೌಕರರಿಗಾಗಿ ಒಂದು ರಕ್ಷಣಾ ನಿಧಿಯನ್ನೂ ತಂದಿತು.

ಹಾಗಾಗಿ ಮೊದಲು ಕೇಳಬೇಕಾದದ್ದು ಇಷ್ಟೇ: ದುಡ್ಡು ಯಾರ ಕೈಯಲ್ಲಿದೆ?

ಜರ್ಮನಿಯಲ್ಲಿ ಎಷ್ಟೋ ಕಂಪನಿಗಳು ಪಿಂಚಣಿಯನ್ನು ತಾವೇ ಕೊಡುತ್ತೇವೆ ಅಂತ ಮಾತು ಕೊಡುತ್ತವೆ, ಅದಕ್ಕೆ ಬೇರೆ ನಿಧಿ ಇರಲೇಬೇಕೆಂದಿಲ್ಲ, ಕಂಪನಿಯ ಲೆಕ್ಕಪುಸ್ತಕದಲ್ಲೇ ಅದು ಸಾಲವಾಗಿ ಕೂತಿರುತ್ತದೆ. ಕೇಳಿದರೆ ಭಯವಾಗುತ್ತೆ, ಅಲ್ವಾ? ಅದಕ್ಕೇ 1974ರಿಂದ ಕಲೋನ್‌ನಲ್ಲಿ ಪಿಎಸ್‌ವಿ ಎಂಬ ಸಂಸ್ಥೆ ಇದೆ. ಇಂಥ ಕಂಪನಿಗಳೆಲ್ಲ ಅದಕ್ಕೆ ವಂತಿಗೆ ಕಟ್ಟಲೇಬೇಕು. ಒಂದು ಮುಳುಗಿದರೆ ಉಳಿದವು ಹೊರುತ್ತವೆ. 2009ರಲ್ಲಿ ಆರ್ಕಾಂಡೋರ್ ಎಂಬ ದೊಡ್ಡ ವ್ಯಾಪಾರಿ ಕಂಪನಿ ದಿವಾಳಿಯಾದ ವರ್ಷ ಈ ವಂತಿಗೆ ಕಂಪನಿಯ ಪಿಂಚಣಿ ಹೊಣೆಯ ಪ್ರತಿ ಸಾವಿರ ಯುರೋಗೆ 14.2 ಯುರೋಗೆ ಏರಿತ್ತು. ಆದರೆ ಮಗಳ ಪಿಂಚಣಿ ವಿಮಾ ಕಂಪನಿಯ ಪಾಲಿಸಿಯ ರೂಪದಲ್ಲಿದ್ದರೆ ದಾರಿ ಬೇರೆ. ಆ ವಿಮಾ ಕಂಪನಿಯ ಮೇಲೆ ಬಾಫಿನ್ ಎಂಬ ನಿಯಂತ್ರಕರ ಕಣ್ಣಿರುತ್ತದೆ.

ನೆದರ್ಲೆಂಡ್ಸ್‌ನಲ್ಲಿ ಇದಕ್ಕೆ ತದ್ವಿರುದ್ಧ. ಅಲ್ಲಿ ದುಡ್ಡು ಕಂಪನಿಯಿಂದ ಹೊರಗೆ, ನಿಧಿಯಲ್ಲಿ ಅಥವಾ ವಿಮಾ ಕಂಪನಿಯಲ್ಲಿ ಇರಬೇಕು. ಕಂಪನಿ ಮುಳುಗಿದರೂ ಅದನ್ನು ಕಂಪನಿಗೆ ಸಾಲ ಕೊಟ್ಟವರು ಮುಟ್ಟುವಂತಿಲ್ಲ. ಆದರೆ ನಿಧಿಯೇ ಸೊರಗಿದರೆ ತುಂಬಿಕೊಡುವ ಪಿಎಸ್‌ವಿಯಂಥ ಸಂಸ್ಥೆ ಇಲ್ಲ, ಪಿಂಚಣಿಯನ್ನೇ ಕಡಿಮೆ ಮಾಡುತ್ತಾರೆ. 2013ರಲ್ಲಿ ಲೋಹ ಉದ್ಯಮದ ಪಿಎಂಟಿ ನಿಧಿ ಶೇ. 6.3ರಷ್ಟು ಕಡಿತ ಮಾಡಿತು. ಆಗಲೇ ನಿವೃತ್ತರಾಗಿ ಕೂತವರಿಗೂ ಅದು ತಟ್ಟಿತು. 2023ರ ಜುಲೈನಲ್ಲಿ ಹೊಸ ಕಾನೂನು ಬಂದಿದೆ. 2028ರ ಜನವರಿಯೊಳಗೆ ಎಲ್ಲ ನಿಧಿಗಳೂ ಪ್ರತಿಯೊಬ್ಬರ ಪಾಲನ್ನು ಲೆಕ್ಕ ಹಾಕಿ ತೋರಿಸುವ ಪದ್ಧತಿಗೆ ಬರಬೇಕು. ಮಾರುಕಟ್ಟೆಯ ಏರಿಳಿತ ಇನ್ನು ಮಗಳಿಗೆ ನೇರವಾಗಿ ಕಾಣುತ್ತದೆ.

ಒಂದೇ ಕಾನೂನು ಯಾಕಿಲ್ಲ ಅಂದರೆ ಇದಕ್ಕೇ. ಜರ್ಮನಿಯ ಹೊರೆಯನ್ನು ಕಂಪನಿಗಳು ಸೇರಿ ಹೊರುತ್ತವೆ, ಡಚ್ಚರದನ್ನು ಸದಸ್ಯರೇ ಹೊರುತ್ತಾರೆ. ಜೊತೆಗೆ ತೆರಿಗೆ ನಿಯಮ, ಸರ್ಕಾರಿ ಪಿಂಚಣಿ ಎಲ್ಲ ಬೇರೆ ಬೇರೆ. ನಷ್ಟ ತಡೆಯಲು ಇಷ್ಟು ಹಣ ತೆಗೆದಿಡಲೇಬೇಕು ಅಂತ ವಿಮಾ ಕಂಪನಿಗಳಿಗೆ ಇರುವ ಬಂಡವಾಳ ನಿಯಮವನ್ನೇ ಪಿಂಚಣಿ ನಿಧಿಗಳಿಗೂ ಹೇರುವ ಯೋಚನೆ ಬ್ರಸೆಲ್ಸ್‌ಗೆ, ಅಂದರೆ ಒಕ್ಕೂಟದ ಆಡಳಿತಕ್ಕೆ, ಇತ್ತು. ವಿರೋಧ ಜೋರಾಗಿ 2013ರಲ್ಲಿ ಕೈಬಿಟ್ಟರು. ಬಿಟ್ಟದ್ದು ಒಳ್ಳೆಯದೇ ಆಯಿತು ಅಂತ ನನಗನ್ನಿಸುತ್ತದೆ. ಇಲ್ಲದಿದ್ದರೆ ಎಷ್ಟೋ ಕಂಪನಿಗಳು ಈ ಸಹವಾಸವೇ ಬೇಡ ಅಂತ ಪಿಂಚಣಿ ಕೊಡುವುದನ್ನೇ ನಿಲ್ಲಿಸುತ್ತಿದ್ದವು. 2016ರ ಒಕ್ಕೂಟದ ನಿರ್ದೇಶನ ಪಿಂಚಣಿ ನಿಧಿಗಳಿಗೆ ಕನಿಷ್ಠ ನಿಯಮ ಹಾಕಿತು: ನಿಧಿಯ ಆಸ್ತಿ ಕಂಪನಿಯಿಂದ ಬೇರೆ ಇರಬೇಕು, ಪ್ರತಿ ಸದಸ್ಯರಿಗೂ ವರ್ಷಕ್ಕೊಮ್ಮೆ ಲೆಕ್ಕಪತ್ರ ಕೊಡಬೇಕು. ಆದರೆ ನಿಧಿ ಸೋತರೆ ರಕ್ಷಣೆ ಯಾರದು ಅನ್ನುವುದನ್ನು ಆಯಾ ದೇಶಕ್ಕೇ ಬಿಟ್ಟಿದ್ದಾರೆ. ಇದು ನನಗೆ ಒಪ್ಪಿಗೆಯಿಲ್ಲ. ನಿಮ್ಮ ಮಗಳ ಹಾಗೆ ದೇಶ ಬದಲಿಸುವವರೇ ಇದರಿಂದ ಗೊಂದಲಕ್ಕೆ ಬೀಳುವುದು.

ಈಗ ಮಗಳು ಮಾಡಬೇಕಾದದ್ದು. ಜರ್ಮನಿಯಲ್ಲಿ ಮೂರು ವರ್ಷ ತುಂಬಿ, ಕೆಲಸ ಬಿಡುವಾಗ ವಯಸ್ಸು 21 ದಾಟಿದ್ದರೆ ಕಂಪನಿ ಕಟ್ಟಿದ ಪಾಲೂ ಅವರದ್ದೇ, ಸಂಬಳದಿಂದ ಕೊಟ್ಟದ್ದಂತೂ ಮೊದಲ ದಿನದಿಂದಲೇ ಅವರದ್ದು. ಅದು ಕಂಪನಿಯ ಮಾತಿನ ಮೇಲಿದೆಯೋ ವಿಮೆಯಲ್ಲಿದೆಯೋ ಅಂತ ಹಳೆಯ ಕಂಪನಿಯಿಂದ ಬರಹದಲ್ಲಿ ಕೇಳಿ ಪಡೆಯಲಿ. ಆ ಪತ್ರದಲ್ಲೇ ಐಂಡ್‌ಹೋವನ್ ವಿಳಾಸವನ್ನೂ ಕೊಡಲಿ, ಮುಂದೆ ಮನೆ ಬದಲಿಸಿದಾಗಲೂ ಮರೆಯದೆ ತಿಳಿಸಲಿ.